ಸೊಟ್ಟ ಕೊಂಬು ಕಂಡರೆ ಮೊದಲು ಕಾಲು ನೋಡಿ

ದೀಪಾವಳಿ ಮುಗಿದ ವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಕಳಿಸಿದವನು ಖಾನಾಪುರದಲ್ಲಿ ಕೆಲಸಕ್ಕಿರುವ ನಮ್ಮ ಕಾಕಾನ ಮಗ. ಫೋಟೊದಲ್ಲಿ ಒಂದು ಗಂಡು ಕಡವೆ. ಬಲಗಡೆಯ ಕೊಂಬು ನೆಟ್ಟಗಿತ್ತು. ಮೂರು ಕವಲು, ಎಲ್ಲ ಸರಿ. ಎಡಗಡೆಯದು ಮಾತ್ರ ಬುಡದಲ್ಲೇ ಬಾಗಿ ಕೆನ್ನೆಯ ಮೇಲೆ ಇಳಿಬಿದ್ದಿತ್ತು. ತುದಿಯಲ್ಲಿ ಹಸಿ ಶುಂಠಿಯ ಹಾಗೆ ಗಂಟುಗಂಟು.

ಐದೇ ನಿಮಿಷದಲ್ಲಿ ತೀರ್ಪುಗಳು ಬಂದವು. ಒಬ್ಬರ ಪ್ರಕಾರ ಅದು ಫ್ಯಾಕ್ಟರಿ ನೀರು ಕುಡಿದದ್ದರ ಫಲ. ಇನ್ನೊಬ್ಬರಿಗೆ ಮೊಬೈಲ್ ಟವರ್ ಮೇಲೆ ಅನುಮಾನ. ಕಾಲೇಜಿಗೆ ಹೋಗುವ ಹುಡುಗಿ ‘ಇದು ಎಐ ಚಿತ್ರ, ಸುಮ್ನಿರಿ ಎಲ್ಲಾರೂ’ ಎಂದಳು. ಬೀಳಗಿ ಹತ್ತಿರದ ಹಳ್ಳಿಯಲ್ಲಿ ಖಿಲಾರಿ ಎತ್ತು ಕಟ್ಟಿಕೊಂಡಿರುವ ಕಾಕಾ ಮಾತ್ರ ಟೈಪ್ ಮಾಡುವ ಗೋಜಿಗೆ ಹೋಗದೆ ದನಿಯನ್ನೇ ಕಳಿಸಿದರು. ‘ಏನೂ ಆಗಿಲ್ಲಪಾ ಅದಕ್ಕ. ಸಣ್ಣದಿದ್ದಾಗ ಪೆಟ್ಟ ಬಿದ್ದೈತಿ. ನಮ್ಮ ಎಡಗಡೆ ಎತ್ತಿನ ಕ್ವಾಡ ಹಂಗ ಆಗಿರಲಿಲ್ಲೇನ?’

ಕಾಕಾ ಹೇಳಿದ್ದು ಅರ್ಧ ಸರಿ. ಪೆಟ್ಟು ಬಿದ್ದಿರಬಹುದು ಎನ್ನುವುದು ಒಳ್ಳೆಯ ಊಹೆ. ‘ಸಣ್ಣದಿದ್ದಾಗ’ ಎನ್ನುವುದು ಮಾತ್ರ ಎತ್ತಿಗೆ ಹೊಂದುವ ಮಾತು, ಕಡವೆಗೆ ಹೊಂದುವುದಿಲ್ಲ. ಯಾಕೆಂದರೆ ಆ ಕಡವೆ ಸಣ್ಣದಿದ್ದಾಗ ಈ ಕೊಂಬು ಇರಲೇ ಇಲ್ಲ. ಈ ಕೊಂಬು ಮೊಳೆತು ಸಾಮಾನ್ಯವಾಗಿ ಕೆಲವು ತಿಂಗಳಷ್ಟೇ ಆಗಿರುತ್ತದೆ.

ಒಂದೇ ಹೆಸರು, ಎರಡು ವಸ್ತು

ನಮ್ಮ ಮಾತಿನಲ್ಲಿ ಎತ್ತಿನ ತಲೆ ಮೇಲಿರುವುದೂ ಕೊಂಬು, ಕಡವೆಯ ತಲೆ ಮೇಲಿರುವುದೂ ಕೊಂಬು. ಜಂಭದವನನ್ನು ಕಂಡರೆ ‘ಇವನಿಗೇನು ಎರಡು ಕೊಂಬು ಇವೆಯಾ’ ಎಂದು ಕೇಳುವಾಗಲೂ ಯಾವ ಕೊಂಬು ಎಂದು ಯಾರೂ ವಿಚಾರಿಸುವುದಿಲ್ಲ. ಆದರೆ ಈ ಎರಡರ ನಡುವಿನ ವ್ಯತ್ಯಾಸ ಗೊತ್ತಾಗದೆ ಸೊಟ್ಟ ಕೊಂಬಿನ ಕತೆ ಬಿಡಿಸುವುದಕ್ಕೆ ಆಗುವುದಿಲ್ಲ.

ಎತ್ತು, ಎಮ್ಮೆ, ಆಡು, ಕಾಡುಕೋಣ ಇವುಗಳ ಕೊಂಬಿನ ಒಳಗೆ ಮೂಳೆ, ಹೊರಗೆ ಗಟ್ಟಿ ಕವಚ. ಕವಚ ನಮ್ಮ ಉಗುರು, ಕೂದಲಿನ ಜಾತಿಗೆ ಸೇರಿದ ಕೆರಾಟಿನ್. ಕಾರ ಹುಣ್ಣಿಮೆಗೆ ಕೋಡು ಹೆರೆದು, ಬಣ್ಣ ಬಳಿದು, ತುದಿಗೆ ಕೋಡಣಸು ಹಾಕುತ್ತೇವಲ್ಲ, ಆಗ ಹೆರೆಯುವುದು ಈ ಕವಚವನ್ನು. ಒಮ್ಮೆ ಮೊಳೆತ ಕೋಡು ಸಾಯುವವರೆಗೂ ಅದೇ. ಕರುವಾಗಿದ್ದಾಗ ಬಿದ್ದ ಪೆಟ್ಟು ಮುದಿ ಎತ್ತಿನ ತಲೆ ಮೇಲೂ ಕಾಣುತ್ತದೆ. ಕಾಕಾನ ಲೆಕ್ಕ ಇದು.

ಕಡವೆಯದು ಪೂರ್ತಿ ಮೂಳೆ. ಮೇಲೆ ಕವಚ ಇಲ್ಲ. ಅದು ಕವಲೊಡೆಯುತ್ತದೆ, ಬೆಳೆದು ಗಟ್ಟಿಯಾಗುತ್ತದೆ, ಉದುರಿ ಬೀಳುತ್ತದೆ, ಮತ್ತೆ ಹೊಸದು ಬರುತ್ತದೆ. ಅದಕ್ಕೆ ಕವಲುಗೊಂಬು ಎನ್ನೋಣ. ಜಿಂಕೆ ಕುಟುಂಬಕ್ಕೆ ಬಿಟ್ಟರೆ ಬೇರೆ ಯಾವ ಪ್ರಾಣಿಗೂ ಇದು ಇಲ್ಲ. ಉತ್ತರ ಧ್ರುವದ ಕಡೆಯ ಹಿಮಸಾರಂಗವನ್ನು ಬಿಟ್ಟರೆ ಸಾಮಾನ್ಯವಾಗಿ ಗಂಡಿಗಷ್ಟೇ ಬರುವಂಥದ್ದು.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರು ಜಿಲ್ಲೆಗಳ ನಕ್ಷೆಯಲ್ಲಿ ಈ ವ್ಯತ್ಯಾಸ ಒಂದು ಗೆರೆ ಎಳೆದ ಹಾಗೆ ಕಾಣುತ್ತದೆ. ಬೆಳಗಾವಿಯ ಪಶ್ಚಿಮಕ್ಕೆ ಖಾನಾಪುರ ತಾಲ್ಲೂಕು, ಜಾಂಬೋಟಿ, ಕಣಕುಂಬಿ, ಭೀಮಗಡದ ಕಾಡು. 2011ರಲ್ಲಿ ವನ್ಯಧಾಮವಾದ ಭೀಮಗಡದ ಹರವು ಸುಮಾರು 190 ಚದರ ಕಿ.ಮೀ. ಕಡವೆ, ಕಾಡುಕುರಿ, ಚುಕ್ಕೆ ಜಿಂಕೆ ಇರುವುದು ಈ ಘಟ್ಟದ ಕಡೆ. ಇವು ನಿಜವಾದ ಜಿಂಕೆಗಳು, ಕವಲುಗೊಂಬಿನವು. ಪೂರ್ವಕ್ಕೆ ಬಂದರೆ ಬಯಲು. ವಿಜಯಪುರ, ಬಾಗಲಕೋಟೆಯ ಹೊಲಗಳಲ್ಲಿ ನಾವು ಜಿಂಕೆ ಎನ್ನುವುದು ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೆ ಹೆಸರು ಕೊಟ್ಟದ್ದೂ ಇದೇ. ಬೀಳಗಿ, ಮುಧೋಳ ಸೀಮೆಯ ಯಡಹಳ್ಳಿಯಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಗಳಿಗಾಗಿಯೇ ಸುಮಾರು 96 ಚದರ ಕಿ.ಮೀ. ವನ್ಯಧಾಮ ಇದೆ. ಚಿಗರಿ, ಚಿಂಕಾರ ಎರಡೂ ದನ, ಆಡುಗಳ ಕುಟುಂಬದವು. ಅವುಗಳ ಕೊಂಬು ಉದುರುವುದಿಲ್ಲ.

ಹೀಗಾಗಿ ಕಾಕಾನ ನಿಯಮ ಅವರ ಊರಿನ ಚಿಗರಿಗೆ ಸರಿಯಾಗಿ ಹೊಂದುತ್ತದೆ. ಮಗ ಕಳಿಸಿದ ಕಡವೆಗೆ ಹೊಂದುವುದಿಲ್ಲ.

ಮಖಮಲ್ಲಿನ ತಿಂಗಳುಗಳು

ಕವಲುಗೊಂಬು ಹಣೆಯ ಮೂಳೆಯ ಮೇಲಿರುವ ಎರಡು ಗಿಡ್ಡ ಬುಡಗಳಿಂದ ಏಳುತ್ತದೆ. ಬುಡ ಶಾಶ್ವತ, ಮೇಲಿನದು ತಾತ್ಕಾಲಿಕ. ಬೆಳೆಯುವಾಗ ಅದರ ಮೇಲೆ ಮೆತ್ತನೆಯ ರೋಮವಿರುವ ಚರ್ಮ ಇರುತ್ತದೆ. ನೋಡಿದರೆ ಮಖಮಲ್ಲು ಹೊದಿಸಿದ ಹಾಗೆ. ಆ ಚರ್ಮದ ತುಂಬ ರಕ್ತನಾಳ, ನರ. ಮುಟ್ಟಿದರೆ ಬೆಚ್ಚಗಿರುತ್ತದೆ, ತಾಗಿದರೆ ನೋಯುತ್ತದೆ, ಕೊಯ್ದರೆ ರಕ್ತ ಬರುತ್ತದೆ. ದೊಡ್ಡ ಜಾತಿಯ ಜಿಂಕೆಗಳಲ್ಲಿ ಇದು ದಿನಕ್ಕೆ 2 ಸೆಂ.ಮೀ. ವರೆಗೂ ಬೆಳೆಯುತ್ತದೆ. ಸಸ್ತನಿಗಳಲ್ಲಿ ಇಷ್ಟು ವೇಗವಾಗಿ ಬೆಳೆಯುವ ಮೂಳೆ ಇನ್ನೊಂದಿಲ್ಲ. ಬೇಕಾದ ಸುಣ್ಣದ ಅಂಶ ಮೇವಿನಿಂದ ಸಾಕಾಗುವುದಿಲ್ಲ. ಹಾಗಾಗಿ ದೇಹ ಪಕ್ಕೆಲುಬಿನಿಂದ ಕ್ಯಾಲ್ಸಿಯಂ ಸಾಲ ತೆಗೆದು ತಲೆಗೆ ಕಳಿಸುತ್ತದೆ. ಆಮೇಲೆ ನಿಧಾನವಾಗಿ ತೀರಿಸುತ್ತದೆ.

ಇದನ್ನೆಲ್ಲ ನಡೆಸುವುದು ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನು. ಅದು ಏರಿದಾಗ ಕೊಂಬು ಗಟ್ಟಿಯಾಗುತ್ತದೆ, ರಕ್ತ ಹರಿಯುವುದು ನಿಲ್ಲುತ್ತದೆ, ಮಖಮಲ್ಲು ಒಣಗುತ್ತದೆ. ಜಿಂಕೆ ಗಿಡಕ್ಕೆ ತಲೆ ತಿಕ್ಕಿ ಅದನ್ನು ಸುಲಿದುಕೊಳ್ಳುತ್ತದೆ. ಹಾರ್ಮೋನು ಇಳಿದಾಗ ಬುಡಕ್ಕೂ ಕೊಂಬಿಗೂ ನಡುವಿನ ಮೂಳೆ ಕರಗುತ್ತದೆ, ಕೊಂಬು ಕಳಚಿ ಬೀಳುತ್ತದೆ. ಚಳಿದೇಶಗಳಲ್ಲಿ ಹಗಲಿನ ಉದ್ದವೇ ಇದಕ್ಕೆ ಪಂಚಾಂಗ. ಅಲ್ಲಿ ಒಂದು ಕಾಡಿನ ಗಂಡುಗಳೆಲ್ಲ ಹೆಚ್ಚು ಕಡಿಮೆ ಒಟ್ಟಿಗೆ ಕೊಂಬು ಉದುರಿಸುತ್ತವೆ. ನಮ್ಮ ಕಡೆ ಹಾಗಿಲ್ಲ. ಒಂದೇ ಚುಕ್ಕೆ ಜಿಂಕೆ ಹಿಂಡಿನಲ್ಲಿ ಒಂದಕ್ಕೆ ಗಟ್ಟಿ ಕೊಂಬು, ಇನ್ನೊಂದಕ್ಕೆ ಮಖಮಲ್ಲು, ಮತ್ತೊಂದಕ್ಕೆ ಬರೀ ಬುಡ. ಕಡವೆ ಇನ್ನೂ ಸೋಮಾರಿ. ಕೆಲವು ಒಂದೇ ಕೊಂಬನ್ನು ವರ್ಷ ದಾಟಿಯೂ ಹೊತ್ತು ತಿರುಗುತ್ತವೆ.

‘ವಿಚಿತ್ರ ಜಿಂಕೆ’ ಎಂದು ಓಡಾಡುವ ಫೋಟೊಗಳಲ್ಲಿ ಎಷ್ಟೋ ಇಲ್ಲೇ ಬಗೆಹರಿಯುತ್ತವೆ. ಕೊಂಬಿನಿಂದ ರಕ್ತ ಮೆತ್ತಿದ ಚಿಂದಿ ಜೋತಾಡುತ್ತಿದ್ದರೆ ಅದು ರೋಗವಲ್ಲ, ಮಖಮಲ್ಲು ಸುಲಿಯುವ ದಿನ ಅಷ್ಟೇ. ಒಂದೇ ಕೊಂಬಿದ್ದರೆ ಇನ್ನೊಂದು ನಿನ್ನೆಯೋ ಮೊನ್ನೆಯೋ ಉದುರಿರಬಹುದು. ಕೊಂಬಿನ ತುಂಬ ಹಸಿರು ಪೊದೆ ಬೆಳೆದಂತೆ ಕಂಡರೆ, ಬೆದೆಯ ಕಾಲದಲ್ಲಿ ಗಂಡು ಚುಕ್ಕೆ ಜಿಂಕೆ ಹುಲ್ಲು, ಬಳ್ಳಿ ಕೆದರಿ ತಲೆಗೆ ಸಿಕ್ಕಿಸಿಕೊಂಡಿರುತ್ತದೆ. ಅದು ಅದರ ಬಾಸಿಂಗ ಎಂದು ನಾನು ನಗೆಯಾಡುವುದುಂಟು. ಚುಕ್ಕೆ ಜಿಂಕೆಗೂ ಕಡವೆಗೂ ಒಂದೊಂದು ಕೊಂಬಿಗೆ ಮೂರು ಕವಲು ವಾಡಿಕೆ. ಆದರೆ ಚುಕ್ಕೆ ಜಿಂಕೆಯ ಮುಂಗವಲಿನ ಬುಡದಲ್ಲಿ ಒಂದೆರಡು ಪುಟ್ಟ ಮುಳ್ಳು ಜಾಸ್ತಿ ಇದ್ದರೂ ಅದನ್ನು ವಿಕಾರ ಎನ್ನುವಂತಿಲ್ಲ. ಹಾಗೆಯೇ, ನಾಲ್ಕು ಕೊಂಬು ಕಂಡರೂ ಗಾಬರಿ ಬೇಡ. ದಾವಣಗೆರೆ ಜಿಲ್ಲೆಯ ರಂಗಯ್ಯನದುರ್ಗದಲ್ಲಿ ವನ್ಯಧಾಮ ಪಡೆದಿರುವ ಕೊಂಡುಕುರಿಯ ಗಂಡಿಗೆ ಸಹಜವಾಗಿಯೇ ನಾಲ್ಕು ಕೊಂಬು.

ಪೆಟ್ಟು, ಮತ್ತು ಪೆಟ್ಟಿನ ನೆನಪು

ಇಷ್ಟನ್ನು ಸೋಸಿದ ಮೇಲೂ ನಮ್ಮ ಕಡವೆ ಉಳಿಯುತ್ತದೆ. ಅದರ ಎಡಗೊಂಬು ನಿಜವಾಗಿ ಸೊಟ್ಟ.

ಎಲ್ಲಕ್ಕಿಂತ ಸಾಮಾನ್ಯ ಕಾರಣ ಮಖಮಲ್ಲಿನ ಕಾಲದಲ್ಲಿ ಬೀಳುವ ಪೆಟ್ಟು. ಆಗ ಕೊಂಬಿನ ತುದಿ ಎಳೆ ಸೌತೆಕಾಯಿಯಷ್ಟು ಮೆದು. ತಂತಿ ಬೇಲಿಗೆ ನುಗ್ಗಿದರೆ, ನಾಯಿ ಬೆನ್ನಟ್ಟಿ ಮರಕ್ಕೆ ಬಡಿದರೆ ಬಾಗುತ್ತದೆ, ಸೀಳುತ್ತದೆ. ಮುರಿದು ಚರ್ಮಕ್ಕೆ ಜೋತುಬಿದ್ದ ತುಂಡಿಗೂ ರಕ್ತ ಸಿಗುತ್ತಿದ್ದರೆ ಅದು ಬಾಗಿದಲ್ಲೇ ಕೂಡಿಕೊಂಡು ಗಟ್ಟಿಯಾಗುತ್ತದೆ. ಕೆನ್ನೆಯ ಮೇಲೆ ಇಳಿಬೀಳುವ ಕೊಂಬು ಹೆಚ್ಚಾಗಿ ಹೀಗೇ ಆಗುವುದು. ಆ ವರ್ಷದ ಸೊಟ್ಟ ಆ ವರ್ಷಕ್ಕೇ ಮುಗಿಯಬೇಕು. ಮುಂದಿನ ಸಲ ನೆಟ್ಟಗಿನ ಕೊಂಬು ಬರಬೇಕು.

‘ಬರಬೇಕು’ ಎಂದೆ. ಯಾವಾಗಲೂ ಬರುವುದಿಲ್ಲ. ಪೆಟ್ಟು ಮೇಲಿನ ಕೊಂಬಿಗಲ್ಲದೆ ಬುಡಕ್ಕೇ ಬಿದ್ದಿದ್ದರೆ, ಅಲ್ಲಿಂದ ಏಳುವ ಪ್ರತಿಯೊಂದು ಕೊಂಬೂ ವಕ್ರವೇ. ಬುಡದ ಮೇಲಿನ ತೆಳು ಪೊರೆಯಲ್ಲೇ ಕೊಂಬು ಕಟ್ಟುವ ಶಕ್ತಿ ಇರುವುದು. ಅದು ಎಷ್ಟು ಹಟಮಾರಿ ಎಂದರೆ, 1974ರಲ್ಲಿ ಜರ್ಮನಿಯಲ್ಲಿ ಹಾರ್ಟ್‌ವಿಗ್ ಮತ್ತು ಶ್ರುಡ್ಡೆ ಎಂಬಿಬ್ಬರು ಯುರೋಪಿನ ರೋ ಎಂಬ ಸಣ್ಣ ಜಿಂಕೆಯ ಹಣೆಯ ಆ ಪೊರೆಯನ್ನು ತೆಗೆದು ಮುಂಗಾಲಿಗೆ ಕಸಿ ಮಾಡಿದರು. ಕಾಲಿನ ಮೇಲೆ ಕೊಂಬು ಬೆಳೆಯಿತು. ಆ ಪೊರೆ ಸೀಳಿ ಎರಡಾದರೆ ಒಂದೇ ಬದಿಯಲ್ಲಿ ಎರಡು ಕೊಂಬು ಏಳುವುದಕ್ಕೆ ಅಡ್ಡಿ ಏನಿದೆ?

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಕೆನಡಾದಲ್ಲಿ ಕೆಲಸ ಮಾಡಿದ ಬುಬೆನಿಕ್ ಎಂಬ ತಂದೆ-ಮಗ ಇದನ್ನು ದೀರ್ಘಕಾಲ ಅಭ್ಯಾಸ ಮಾಡಿದರು. ಬೆಳೆಯುತ್ತಿರುವ ಕೊಂಬಿನ ನಡುವೆ ಒಂದು ಕಡೆ ಗಾಯವಾಯಿತು ಎನ್ನಿ. ಆ ಕೊಂಬು ಉದುರಿ ಹೋಯಿತು. ಬುಡಕ್ಕೆ ಏನೂ ಆಗಿಲ್ಲ. ಆದರೂ ಮುಂದಿನ ವರ್ಷದ ಹೊಸ ಕೊಂಬಿನಲ್ಲಿ, ಹಿಂದೆ ಗಾಯವಾಗಿದ್ದ ಜಾಗದ ಹತ್ತಿರವೇ, ಇಲ್ಲದ ಒಂದು ಕವಲು ಮೂಡುತ್ತದೆ. ಕೆಲವು ವರ್ಷ ಹೀಗೆ ಬಂದು ಆಮೇಲೆ ಮರೆಯಾಗುತ್ತದೆ. ಗಾಯವಾದ ಮೂಳೆ ಎಂದೋ ಮಣ್ಣು ಸೇರಿದೆ, ಗಾಯದ ನೆನಪು ಮಾತ್ರ ಉಳಿದಿದೆ. ಆ ನೆನಪು ನರಮಂಡಲದಲ್ಲಿ ಎಲ್ಲೋ ಕೂತಿರಬೇಕು ಎಂದು ಅವರು ವಾದಿಸಿದರು. ಈ ಸಂಗತಿಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಈಗ ಕಾಲಿನ ವಿಷಯ. ಬಿಳಿಬಾಲದ ಜಿಂಕೆಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದು: ಹಿಂಗಾಲಿಗೆ ದೊಡ್ಡ ಗಾಯವಾದರೆ ಎದುರು ಬದಿಯ ಕೊಂಬು ಕೆಡುತ್ತದೆ. ಬಲ ಹಿಂಗಾಲು ಮುರಿದರೆ ಎಡಗೊಂಬು ಗಿಡ್ಡವಾಗಿಯೋ ವಕ್ರವಾಗಿಯೋ ಬರುತ್ತದೆ. ಮುಂಗಾಲಿನ ಗಾಯಕ್ಕೆ ಇಷ್ಟು ಖಚಿತ ನಿಯಮ ಇಲ್ಲ. ಎಷ್ಟೋ ಸಲ ಅದೇ ಬದಿಯ ಕೊಂಬು ಕೆಡುವುದೂ ಉಂಟು. ಗಾಯ ಮಾಯ್ದರೂ ಕಾಲು ಊನವಾಗಿ ಉಳಿದರೆ ಮೊದಲು ಕೆಟ್ಟ ಬದಿಯ ಕೊಂಬೇ ವರ್ಷವರ್ಷವೂ ಕೆಡಬಹುದು. ಕಾಲಿಗೂ ಕೊಂಬಿಗೂ ಎತ್ತಣಿಂದೆತ್ತ ಸಂಬಂಧ? ನರಗಳ ದಾರಿ ಮಿದುಳಿನಲ್ಲಿ ಎಡಬಲ ಅದಲುಬದಲಾಗುವುದು ಕಾರಣವೆಂದು ಕೆಲವರು, ಬೇರೆ ಕಾರಣ ಇದೆಯೆಂದು ಕೆಲವರು. ವಿಜ್ಞಾನಿಗಳಲ್ಲಿ ಒಮ್ಮತ ಇನ್ನೂ ಮೂಡಿಲ್ಲ.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ನಮ್ಮ ಜಿಲ್ಲೆಯವರು ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದೇ. ಕಾಡಿನಂಚಿನಲ್ಲಿ ಜಿಂಕೆಯ ಹಿಂಗಾಲು ಯಾವುದರಿಂದ ಮುರಿಯುತ್ತದೆ? ಬಂಡೆಯಿಂದ ಜಾರಿ ಬಿದ್ದಿರಬಹುದು, ನಾಯಿ ಕಚ್ಚಿರಬಹುದು, ರಸ್ತೆಯಲ್ಲಿ ವಾಹನ ಬಡಿದಿರಬಹುದು. ಉರುಳಿಗೂ ಸಿಕ್ಕಿರಬಹುದು. ಬೈಕಿನ ಕ್ಲಚ್ ವೈರು ಕುಣಿಕೆ ಮಾಡಿ, ಭತ್ತದ, ಕಬ್ಬಿನ ಹೊಲದಂಚಿನಲ್ಲಿ ಹಂದಿಗೆಂದು ಹಾಕುತ್ತಾರೆ. ಹಂದಿಯ ದಾರಿಯಲ್ಲೇ ಕಡವೆಯೂ ಬರುತ್ತದೆ. ವೈರು ಕಿತ್ತುಕೊಂಡು ಓಡಿದ ಪ್ರಾಣಿಯ ಕಾಲಿನಲ್ಲಿ ಅದು ಬಿಗಿಯುತ್ತಾ ಹೋಗುತ್ತದೆ, ಮೂಳೆಯವರೆಗೂ ಇಳಿಯುತ್ತದೆ. ಬದುಕಿ ಉಳಿದರೆ ಕುಂಟುತ್ತದೆ. ತಿಂಗಳುಗಳ ಮೇಲೆ ಅದರ ಎದುರು ಬದಿಯ ಕೊಂಬು ಸೊಟ್ಟಗೆ ಬರುತ್ತದೆ. ನಾವು ಫೋಟೊ ತೆಗೆದು ‘ಪ್ರಕೃತಿಯ ವಿಸ್ಮಯ’ ಎಂದು ಬರೆದು ಹಂಚುತ್ತೇವೆ. ವೈರಿನ ಸುದ್ದಿ ಯಾರೂ ಎತ್ತುವುದಿಲ್ಲ.

ಉರುಳು ಹಾಕುವುದು ಅಪರಾಧ. ಬೆಳೆ ಕಳೆದುಕೊಂಡ ರೈತನ ಸಿಟ್ಟು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆದರೆ ಉರುಳಿಗೆ ಹಂದಿ ಯಾವುದು, ಕಡವೆ ಯಾವುದು ಗೊತ್ತಾಗುವುದಿಲ್ಲ.

ಬೀಜ ಒಡೆದ ಹೋರಿ, ಬೀಜ ಕೆಟ್ಟ ಜಿಂಕೆ

ಹೋರಿಯ ಬೀಜ ಒಡೆಸಿದರೆ ಅದರ ಕೋಡು ಉದುರುವುದಿಲ್ಲ ಎಂದು ನಮ್ಮ ಕಡೆ ಚಿಕ್ಕ ಹುಡುಗರಿಗೂ ಗೊತ್ತು. ಬದಲಿಗೆ ಎತ್ತಿನ ಕೋಡು ಹೋರಿಯದಕ್ಕಿಂತ ನೀಳವಾಗಿಯೇ ಬೆಳೆಯುತ್ತದೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ದನಗಳ ನಡುವೆ ಅಡ್ಡಾಡಿದವರು ಖಿಲಾರಿ ಎತ್ತಿನ ಬಿಲ್ಲಿನಂಥ ಕೋಡು ನೋಡಿಯೇ ಇರುತ್ತಾರೆ.

ಜಿಂಕೆಯಲ್ಲಿ ಕತೆಯೇ ಬೇರೆ. ಬುಡ ಮೂಡುವ ಮೊದಲೇ ಬೀಜ ಹೋದರೆ ಜೀವಮಾನದಲ್ಲಿ ಕೊಂಬು ಬರುವುದಿಲ್ಲ. ಗಟ್ಟಿ ಕೊಂಬಿರುವಾಗ ಹೋದರೆ ಕೆಲವೇ ವಾರಗಳಲ್ಲಿ ಕೊಂಬು ಉದುರುತ್ತದೆ. ಹೊಸದು ಮಖಮಲ್ಲಿನಲ್ಲಿ ಏಳುತ್ತದೆ, ಆದರೆ ಗಟ್ಟಿಯಾಗುವುದೂ ಇಲ್ಲ, ಮತ್ತೆ ಉದುರುವುದೂ ಇಲ್ಲ. ‘ಸಾಕು ನಿಲ್ಲಿಸು’ ಎಂದು ಹೇಳುವ ಹಾರ್ಮೋನೇ ಇಲ್ಲವಲ್ಲ. ಗಂಟು, ಬುಗುಟು, ಮುಳ್ಳು ಏಳುತ್ತಲೇ ಹೋಗುತ್ತವೆ. ಯುರೋಪಿನ ರೋ ಜಿಂಕೆಗಳಲ್ಲಿ ಇದು ತಲೆ ಮೇಲೆ ಉಣ್ಣೆಯ ಟೋಪನ್ ಇಟ್ಟಂತೆ ಕಾಣುವುದರಿಂದ ಅಲ್ಲಿ ಅದಕ್ಕೆ ‘ವಿಗ್’ ಎಂಬ ಅರ್ಥದ ಹೆಸರೇ ಇದೆ. ಅಮೆರಿಕದವರು ಕಳ್ಳಿಗೆ ಹೋಲಿಸುತ್ತಾರೆ. ನಮ್ಮ ಹೊಲದ ಬದುವಿನ ಪಾಪಾಸುಕಳ್ಳಿ ನೆನಪಿಸಿಕೊಳ್ಳಿ, ಅದೇ ಆಕಾರ. ಬೀಜಕ್ಕೂ ಕೊಂಬಿಗೂ ನಂಟಿದೆ ಎಂದು ಗ್ರೀಸಿನ ಅರಿಸ್ಟಾಟಲ್ 2300 ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದ.

ಕಾಡಿನಲ್ಲಿ ಜಿಂಕೆಯ ಬೀಜ ಒಡೆಸುವವರು ಯಾರೂ ಇಲ್ಲ. ಬೇಲಿ ಹಾರುವಾಗ ಗಾಯವಾಗಬಹುದು. ಸೋಂಕು ತಗಲಬಹುದು. ಹುಟ್ಟುವಾಗಲೇ ಬೀಜ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೇ ಉಳಿದಿರಬಹುದು. ಇದೇ ಬಗೆಯಲ್ಲಿ, ಹಾರ್ಮೋನು ಏರುಪೇರಾದ ಹೆಣ್ಣು ಜಿಂಕೆಗೂ ಅಪರೂಪಕ್ಕೆ ಮಖಮಲ್ಲಿನ ಕೊಂಬು ಬರುತ್ತದೆ.

ಒಂದೆರಡು ಪ್ರಾಣಿಯ ದುರದೃಷ್ಟ ಯಾವಾಗ ಇಡೀ ಕಾಡಿನ ಸಮಸ್ಯೆ ಆಗುತ್ತದೆ ಎಂದು ತಿಳಿಯಲು ಅಲಾಸ್ಕಾದ ಕೊಡಿಯಾಕ್ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಅಲಿಯುಲಿಕ್ ಎಂಬ ಚಾಚಿಕೊಂಡ ನೆಲದಲ್ಲಿ ಬೇಟೆಗಾರರಿಗೆ ಬೀಜವಿಲ್ಲದಂತೆ ಕಾಣುವ ಜಿಂಕೆಗಳು ಸಿಗತೊಡಗಿದವು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 94 ಗಂಡುಗಳನ್ನು ನೋಡಿದ್ದರು. 61ಕ್ಕೆ ಎರಡೂ ಬೀಜ ಚೀಲಕ್ಕೆ ಇಳಿದಿರಲಿಲ್ಲ. ಆ 61ರಲ್ಲಿ ಹೆಚ್ಚಿನವುಗಳ ಕೊಂಬು ವಿಕಾರವಾಗಿತ್ತು. ಅಲಾಸ್ಕಾದ ಬೇರೆ ಜಾಗಗಳಲ್ಲಿ ಈ ದೋಷ ತೀರಾ ಅಪರೂಪ. ಸಂಶೋಧಕರು ಎರಡು ದಾರಿ ತೋರಿಸಿದರು. ಹೆಣ್ಣು ಹಾರ್ಮೋನಿನಂತೆ ವರ್ತಿಸುವ ಯಾವುದೋ ರಾಸಾಯನಿಕ ತಾಯಿಯ ಮೇವಿನಲ್ಲಿ ಸೇರಿರಬಹುದು, ಇಲ್ಲವೇ ದೋಷ ವಂಶದಲ್ಲೇ ಹರಿಯುತ್ತಿರಬಹುದು. ಆ ದ್ವೀಪದ ಜಿಂಕೆಗಳು ಸುಮಾರು ನೂರು ವರ್ಷದ ಹಿಂದೆ ಹೊರಗಿನಿಂದ ತಂದು ಬಿಟ್ಟ ಕೆಲವೇ ಜಿಂಕೆಗಳ ಸಂತತಿ ಎನ್ನುವುದನ್ನೂ ಇಲ್ಲಿ ಮರೆಯುವಂತಿಲ್ಲ.

‘ಫ್ಯಾಕ್ಟರಿ ನೀರು’ ಎಂದ ನಮ್ಮ ಬಂಧುವಿಗೆ ನಾನು ಹೇಳಿದ್ದೂ ಇದನ್ನೇ. ರಾಸಾಯನಿಕ ಕೊಂಬು ಕೆಡಿಸಬಹುದು ಎನ್ನುವ ಅನುಮಾನ ಹುಚ್ಚಲ್ಲ. ಆದರೆ ರಾಸಾಯನಿಕ ಒಂದೇ ಬದಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಹಾರ್ಮೋನು ರಕ್ತದಲ್ಲಿ ಹರಿಯುವಂಥದ್ದು, ಎಡ ಬಲ ಎರಡಕ್ಕೂ ಸಮ. ಎರಡೂ ಕೊಂಬು ಕೆಟ್ಟಿವೆಯೇ, ಗಟ್ಟಿಯಾಗಬೇಕಾದ ಕಾಲದಲ್ಲೂ ಮಖಮಲ್ಲು ಹೋಗಿಲ್ಲವೇ, ಒಂದೇ ಜಾಗದಲ್ಲಿ ಹತ್ತಾರು ಗಂಡುಗಳು ಹೀಗಿವೆಯೇ? ಆಗ ನೀರು, ಮೇವು ಪರೀಕ್ಷೆ ಮಾಡಿಸಿ ಎಂದು ಕೂಗಬೇಕು. ಒಂದು ಕಡವೆಯ ಒಂದು ಬದಿ ಸೊಟ್ಟಗಾದರೆ ಅದು ಪೆಟ್ಟಿನ ಗುರುತು ಎಂದು ಹಿಡಿಯುವುದೇ ಜಾಣತನ.

ನೀರು, ಮೇವು, ವಂಶ

ವಿಜಯಪುರ, ಬಾಗಲಕೋಟೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಾಗಾಗಿ ಆ ಪ್ರಶ್ನೆಯೂ ಬರುತ್ತದೆ. ಕೊಂಬು ಫ್ಲೋರೈಡನ್ನು ಹೀರಿಕೊಳ್ಳುವುದು ನಿಜ. ಕಲ್ಲಿದ್ದಲು ಹೊಗೆಯ ಫ್ಲೋರೈಡ್ ಎಷ್ಟು ಹರಡಿದೆ ಎಂದು ತಿಳಿಯಲು ಮಧ್ಯ ಯುರೋಪಿನಲ್ಲಿ ಜಿಂಕೆಗಳ ಕೊಂಬನ್ನೇ ಪರೀಕ್ಷಿಸಿದ್ದಾರೆ. 1958ರಲ್ಲಿ ಸ್ಕಾಟ್ಲೆಂಡಿನ ಜಿಂಕೆಯ ಕೊಂಬಿನಲ್ಲಿ ಅಣುಬಾಂಬ್ ಪರೀಕ್ಷೆಗಳ ವಿಕಿರಣದ ಗುರುತು ಸಿಕ್ಕಿದ್ದೂ ಹೀಗೆಯೇ. ಒಂದು ವರ್ಷದ ಕೊಂಬು ಆ ವರ್ಷದ ಮೇವು ನೀರಿನ ಖಾತೆ ಪುಸ್ತಕ ಇದ್ದಂತೆ. ಆದರೆ ಫ್ಲೋರೈಡ್ ಮೊದಲು ಕೆಡಿಸುವುದು ಹಲ್ಲನ್ನು. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಾಗಿ ಕಾಡುಪ್ರಾಣಿ ಕುಡಿಯುವುದು ಹೆಚ್ಚಾಗಿ ಹಳ್ಳದ, ಕೆರೆಯ ನೀರನ್ನು.

ಮೇವು ಕಡಿಮೆಯಾದರೆ ಕೊಂಬು ಸಣ್ಣದಾಗುತ್ತದೆ, ತೆಳುವಾಗುತ್ತದೆ. ಸಾಮಾನ್ಯವಾಗಿ ಸೊಟ್ಟಗಾಗುವುದಿಲ್ಲ. ತಾಮ್ರದಂಥ ಖನಿಜ ಕಡಿಮೆ ಬಿದ್ದರೆ ಪಟಪಟ ಮುರಿಯುತ್ತದೆ. ಕ್ಯಾಲಿಫೋರ್ನಿಯಾದ ಟೂಲಿ ಎಲ್ಕ್ ಎಂಬ ಜಿಂಕೆಗಳಲ್ಲಿ ಇದನ್ನು ಕಂಡಿದ್ದಾರೆ. ನಮ್ಮ ಕಾಡಿನಲ್ಲಿ ಚುಕ್ಕೆ ಜಿಂಕೆಗಳು ಬಿದ್ದ ಕೊಂಬನ್ನೂ ಮೂಳೆಯನ್ನೂ ಕಡಿದು ತಿನ್ನುವುದು ಇದೇ ಖನಿಜದ ಆಸೆಗೆ.

ಮೇವು ವಂಶದ ವೇಷ ಹಾಕಿಕೊಂಡು ಬಂದ ಒಂದು ಪ್ರಸಂಗ ನನಗೆ ಇಷ್ಟ. ಸ್ಕಾಟ್ಲೆಂಡಿನ ಕೆಂಪು ಜಿಂಕೆಗಳಲ್ಲಿ ಕೆಲವು ಗಂಡುಗಳಿಗೆ ಕೊಂಬೇ ಇರುವುದಿಲ್ಲ. ಇದು ವಂಶದ ಕೆಡುಕು ಎಂದು ಬೇಟೆಗಾರರು ಅಂಥವನ್ನು ಹುಡುಕಿ ಕೊಲ್ಲುತ್ತಿದ್ದರು. 1970ರ ದಶಕದಲ್ಲಿ ಜೆರಾಲ್ಡ್ ಲಿಂಕನ್ ಮತ್ತು ಜಾನ್ ಫ್ಲೆಚರ್ ಅಂಥದೊಂದು ಬೋಳು ಜಿಂಕೆಯ ಹಣೆಯಲ್ಲಿ ಬುಡವಿರಬೇಕಾದ ಜಾಗಕ್ಕೆ ಗಾಯ ಮಾಡಿ ನೋಡಿದರು. ಕೊಂಬು ಎದ್ದಿತು! ಅದಕ್ಕೆ ಹುಟ್ಟಿದ ಗಂಡುಮರಿಗಳಿಗೂ ಕೊಂಬು ಬಂತು. ಎಳವೆಯಲ್ಲಿ ಮೇವು ಸಾಲದೆ ಬುಡ ಮೂಡಿರಲಿಲ್ಲ, ಅಷ್ಟೇ. ಅಂದರೆ ಎಷ್ಟೋ ಪ್ರಾಣಿಗಳು ಇಲ್ಲದ ತಪ್ಪಿಗೆ ಗುಂಡು ತಿಂದವು. ಹಾಗೆಂದು ವಂಶದ ಕಾರಣ ಸುಳ್ಳಲ್ಲ. ಸುತ್ತ ಹೊಲ, ರಸ್ತೆ, ಕಾಲುವೆ ಎದ್ದು ಒಂದು ಸಣ್ಣ ಗುಂಪು ತನ್ನೊಳಗೇ ಕೂಡುತ್ತಾ ಹೋದರೆ ದೋಷಗಳು ಮೇಲೆ ಬರುತ್ತವೆ. ಮುಪ್ಪು ಇನ್ನೊಂದು ಕಾರಣ. ವಯಸ್ಸಾದ ಗಂಡಿನ ಕೊಂಬು ವರ್ಷದಿಂದ ವರ್ಷಕ್ಕೆ ಗಿಡ್ಡವಾಗಿ ಅಂಕುಡೊಂಕಾಗುತ್ತದೆ.

ಕೊಂಬೇ ಅಲ್ಲದ ಕೊಂಬುಗಳೂ ಇವೆ. 2025ರ ಆಗಸ್ಟಿನಲ್ಲಿ ಅಮೆರಿಕದ ಕೊಲರಾಡೊದ ಮೊಲಗಳ ಮುಖದಲ್ಲಿ ಕಪ್ಪು ಕೋಡು ಎದ್ದ ಚಿತ್ರಗಳು ಎಲ್ಲೆಡೆ ಓಡಾಡಿದವು. ಅದು ವೈರಸ್ಸಿನಿಂದ ಏಳುವ ನರುಲಿ. ರಿಚರ್ಡ್ ಶೋಪ್ 1930ರ ದಶಕದಲ್ಲೇ ಅದನ್ನು ತೋರಿಸಿಕೊಟ್ಟಿದ್ದರು. ಮೊಲಕ್ಕೆ ಕೋಡು ಎನ್ನುವುದು ಇಲ್ಲದ ವಸ್ತುವಿಗೆ ನಮ್ಮ ಹಳಬರು ಕೊಡುತ್ತಿದ್ದ ಉದಾಹರಣೆ. ಕೊಲರಾಡೊದವರು ಅದನ್ನೂ ತೋರಿಸಿಬಿಟ್ಟರು ನೋಡಿ. ಜಿಂಕೆಗಳ ಚರ್ಮದಲ್ಲೂ ಇದೇ ಬಳಗದ ವೈರಸ್ಸುಗಳಿಂದ ಕಪ್ಪು ಗಂಟು ಏಳುತ್ತವೆ. ಅವು ಕಣ್ಣಿನ ಸುತ್ತ, ಕತ್ತಿನ ಮೇಲೆ, ಎಲ್ಲೆಂದರಲ್ಲಿ ಇರುತ್ತವೆ. ಕವಲುಗೊಂಬು ತನ್ನ ಬುಡ ಬಿಟ್ಟು ಬೇರೆಡೆ ಏಳುವುದು ತೀರಾ ಅಪರೂಪ. ಜಾತ್ರೆಯಲ್ಲಿ ಮಾರುವ ‘ನರಿಕೊಂಬು’ ಇನ್ನೊಂದು ಮೋಸ. ಅದಕ್ಕೆ ನೂರು ರೂಪಾಯಿಯನ್ನೂ ಹಾಳು ಮಾಡಬೇಡಿ.

ಬಯಲಿನ ಚಿಗರಿಗೆ ಬೇರೆ ಲೆಕ್ಕ

ಬಾಗಲಕೋಟೆ, ವಿಜಯಪುರದ ಓದುಗರು ಕಡವೆಯನ್ನು ದಿನಾ ನೋಡುವುದಿಲ್ಲ, ಚಿಗರಿ ನೋಡುತ್ತಾರೆ. ಅದರ ತಿರುಚು ಕೊಂಬಿನಲ್ಲಿ ಒಂದು ಮುರಿದಿದ್ದರೆ ಮತ್ತೆ ಬರುವುದಿಲ್ಲ. ಮುಂದಿನ ವರ್ಷ ಸರಿಹೋಗುತ್ತದೆ ಎಂಬ ಭರವಸೆ ಅದಕ್ಕಿಲ್ಲ. ಎಳವೆಯಲ್ಲಿ ಕೊಂಬಿನ ಬುಡಕ್ಕೆ ಏಟು ಬಿದ್ದರೆ ಅದು ಕೆಳಮುಖವಾಗಿ ಬೆಳೆದು ಕಣ್ಣಿಗೋ ಕೆನ್ನೆಗೋ ಚುಚ್ಚಬಹುದು. ಹೆಣ್ಣು ಚಿಗರಿ ಸಾಮಾನ್ಯವಾಗಿ ಬೋಳು. ಅಪರೂಪಕ್ಕೆ ಕೊಂಬು ಬಂದರೆ ಗಂಡಿನದರಂತೆ ಬಿಗಿ ಸುರುಳಿಯಾಗದೆ ತೆಳ್ಳಗೆ, ವಕ್ರವಾಗಿರುತ್ತದೆ. ಯಡಹಳ್ಳಿಯ ಹೆಣ್ಣು ಚಿಂಕಾರಕ್ಕೆ ಸಣ್ಣ ಕೊಂಬು ಇರುವುದು ಮಾತ್ರ ಸಹಜವೇ.

ಎತ್ತು ಸಾಕುವವರಿಗೆ ಒಂದು ಮಾತು. ಎತ್ತಿನ ಒಂದು ಕೋಡು ಇದ್ದಕ್ಕಿದ್ದಂತೆ ವಾಲಿದರೆ, ಅದು ತಲೆ ಕೊಡವುತ್ತಿದ್ದರೆ, ಆ ಬದಿಯ ಮೂಗಿನಲ್ಲಿ ರಕ್ತ ಕಂಡರೆ ಹಳೆಯ ಪೆಟ್ಟು ಎಂದು ಸುಮ್ಮನಿರಬೇಡಿ. ನಮ್ಮ ದೇಶದ ಎತ್ತುಗಳಲ್ಲಿ ಕೋಡಿನ ಕ್ಯಾನ್ಸರ್ ಅಪರೂಪವಲ್ಲ. ಹಸು, ಹೋರಿಗಳಿಗಿಂತ ಬೀಜ ಒಡೆಸಿದ ಎತ್ತಿಗೇ ಅದು ಜಾಸ್ತಿ. ಬೇಗ ಪಶುವೈದ್ಯರಿಗೆ ತೋರಿಸಿದರೆ ಕೋಡು ತೆಗೆದು ಎತ್ತನ್ನು ಉಳಿಸಿಕೊಳ್ಳಬಹುದು.

ಇನ್ನು ಕಾಡಿನಲ್ಲಿ ಬಿದ್ದ ಕವಲುಗೊಂಬು ಸಿಕ್ಕರೆ ಮನೆಗೆ ತರಬೇಡಿ. ತಾನಾಗಿ ಉದುರಿದ್ದಾದರೂ 1972ರ ವನ್ಯಜೀವಿ ಕಾಯ್ದೆಯಡಿ ಅದು ಸರ್ಕಾರದ ಸ್ವತ್ತು. ‘ಎಷ್ಟು ವಿಚಿತ್ರ ಇದೆ, ಗೋಡೆಗೆ ಚೆಂದ’ ಎನ್ನುವುದು ಫಾರೆಸ್ಟ್‌ನವರ ಮುಂದೆ ನಡೆಯುವುದಿಲ್ಲ. ಫೋಟೊ ತೆಗೆಯಿರಿ, ಜಾಗ, ತಾರೀಖು ಬರೆದಿಡಿ, ಹತ್ತಿರದ ಅರಣ್ಯ ಕಚೇರಿಗೆ ಹೇಳಿ. ತೆಗೆಯುವಾಗ ತಲೆಯನ್ನಷ್ಟೇ ತುಂಬಿಸದೆ ಪೂರ್ತಿ ಮೈ ಬರುವಂತೆ ತೆಗೆಯಿರಿ.

ನಮ್ಮ ಗ್ರೂಪಿಗೆ ಬಂದ ಫೋಟೊದ ತೊಂದರೆಯೂ ಅದೇ ಆಗಿತ್ತು. ಎಡಗೊಂಬು ಕೆಟ್ಟಿದೆ, ಹಾಗಾದರೆ ಬಲ ಹಿಂಗಾಲು ಹೇಗಿದೆ? ಕಾಕಾನ ಮಗನಿಗೆ ಫೋನ್ ಮಾಡಿದೆ. ‘ಅಣ್ಣಾ, ನಾ ತಗದಿದ್ದಲ್ಲ, ಇಲ್ಲೊಬ್ರು ಕಳಿಸಿದ್ರು’ ಎಂದ. ಆ ಒಬ್ಬರಿಗೆ ಕಳಿಸಿದ ಇನ್ನೊಬ್ಬರನ್ನು ಹುಡುಕಿ, ಎರಡು ದಿನ ಬಿಟ್ಟು ಕತ್ತರಿಸದ ಫೋಟೊ ತರಿಸಿಕೊಟ್ಟ. ಕಡವೆ ಪೂರ್ತಿ ಇತ್ತು. ಕಾಲುಗಳು ಮಾತ್ರ ಹೊಟ್ಟೆಮಟ್ಟದ ಹುಲ್ಲಿನಲ್ಲಿ ಮುಚ್ಚಿಹೋಗಿದ್ದವು.

ಕಾಕಾನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಉದುರುವ ಕೋಡು, ಕಾಲಿನ ಪೆಟ್ಟು, ಗಾಯದ ನೆನಪು. ಪೂರ್ತಿ ಕೇಳಿಸಿಕೊಂಡರು. ‘ಹಂಗಾರ ಬರೋ ವರ್ಷ ಅದನ್ನ ಹುಡುಕ್ಲಿಕ್ಕೆ ಹೇಳು ಅವಗ. ಕ್ವಾಡ ನೆಟ್ಟಗ ಬಂತಂದ್ರ ನಾ ಹೇಳಿದ್ದ ಖರೆ, ಬರೇ ಪೆಟ್ಟು. ಮತ್ತ ಅದ ಬಾಜೂಕ ಸೊಟ್ಟ ಬಂತಂದ್ರ ಒಂದೋ ಬುಡ ಕೆಟ್ಟೈತಿ, ಇಲ್ಲಾ ಕಾಲಾಗ ವೈರ್ ಐತಿ’ ಎಂದರು. ಸ್ವಲ್ಪ ತಡೆದು, ‘ಈ ವರ್ಷದ್ದ ಫೋಟೊ ಅಳಸಬ್ಯಾಡಂತ ಹೇಳು’ ಎಂದರು.